ಬೆಳಗಿದ್ದೆಲ್ಲ ರನ್‌ವೇ ಅಲ್ಲ

ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳ ನಡುವೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಕತ್ತಲಲ್ಲಿ ಸಾಲುಗಟ್ಟಿ ಮಿನುಗುವ ಕೆಂಪು ದೀಪಗಳು ಕಾಣುತ್ತವೆ. ಊರವರು ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳ ನೆತ್ತಿಯ ದೀಪಗಳು ಅವು. ಅವನ್ನು ಹಚ್ಚಿರುವುದು ನಮಗಾಗಿ ಅಲ್ಲ, ಮೇಲೆ ಹಾರುವ ಪೈಲಟ್‌ಗಾಗಿ. ‘ಇಲ್ಲಿ ಎತ್ತರದ ಕಂಬ ಇದೆ, ದೂರ ಹೋಗು’ ಎಂಬುದಷ್ಟೇ ಆ ಕೆಂಪು ದೀಪದ ಮಾತು.

‘ದೂರ ಹೋಗು’ ಎನ್ನುವ ದೀಪವನ್ನು ಗುರುತಿಸುವುದು ಸುಲಭ. ‘ಬಾ, ಇಲ್ಲಿ ಇಳಿ’ ಎನ್ನುವ ದೀಪವನ್ನು ಗುರುತಿಸುವುದರಲ್ಲೇ ವಿಮಾನಯಾನದ ದೊಡ್ಡ ಕಷ್ಟ ಅಡಗಿದೆ. ಸಾವಿರಾರು ಗಂಟೆ ಹಾರಿದ ಪೈಲಟ್‌ಗಳೂ ಒಮ್ಮೊಮ್ಮೆ ಬೇರೆಯದೇ ರನ್‌ವೇಗೆ, ಕೆಲವೊಮ್ಮೆ ಬೇರೆಯದೇ ನಿಲ್ದಾಣಕ್ಕೆ ವಿಮಾನವನ್ನು ಇಳಿಸಲು ಹೊರಟಿದ್ದಾರೆ. ಸುದ್ದಿ ಓದಿದವರು ‘ಕಣ್ಣು ಕಾಣಲಿಲ್ಲವೇ’ ಎನ್ನುತ್ತಾರೆ. ಕಣ್ಣು ಚೆನ್ನಾಗಿಯೇ ಕಂಡಿರುತ್ತದೆ. ತಪ್ಪು ನಡೆಯುವುದು ಕಣ್ಣಿನ ಹಿಂದೆ.

ಇದರಲ್ಲಿ ಗಾಳಿಯ ಪಾತ್ರವೂ ಇದೆ. ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರಬೇಕು. ಮಳೆಗಾಲದಲ್ಲಿ ಯಲಬುರ್ಗಾದ ಫ್ಯಾನುಗಳನ್ನು ತಿರುಗಿಸುವ ಪಡುವಣ ಗಾಳಿಯೇ ಬೆಂಗಳೂರಿನ ಮೇಲೂ ಬೀಸುತ್ತದೆ. ಚಳಿಗಾಲದಲ್ಲಿ ಅದು ಮೂಡಣದಿಂದ ಬರುತ್ತದೆ. ಹಾಗಾಗಿ ಅಲ್ಲಿ ರನ್‌ವೇ ಕಟ್ಟಿದವರೆಲ್ಲ ಪೂರ್ವ-ಪಶ್ಚಿಮವಾಗಿಯೇ ಕಟ್ಟಿದರು. ರನ್‌ವೇಯ ಹೆಸರು ಅದರ ದಿಕ್ಕಿನಿಂದ ಬರುತ್ತದೆ: ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಹೆಸರು. ಪಶ್ಚಿಮಕ್ಕೆ 270 ಡಿಗ್ರಿಯಾದ್ದರಿಂದ 27, ಪೂರ್ವಕ್ಕೆ 90 ಡಿಗ್ರಿಯಾದ್ದರಿಂದ 09. ಹಳೆಯ ಎಚ್‌ಎಎಲ್ ನಿಲ್ದಾಣದ್ದು 09-27, ಯಲಹಂಕ ವಾಯುನೆಲೆಯದೂ ಅದೇ 09-27, ಜಕ್ಕೂರಿನದು 08-26. 2008ರಲ್ಲಿ ಆರಂಭವಾದ ಕೆಂಪೇಗೌಡ ನಿಲ್ದಾಣದಲ್ಲಂತೂ 2019ರಿಂದ ಒಂದೇ ದಿಕ್ಕಿನ ಎರಡು ರನ್‌ವೇಗಳಿವೆ. ಒಂದು ಎಡ, ಇನ್ನೊಂದು ಬಲ. ಯಲಹಂಕಕ್ಕೂ ಕೆಂಪೇಗೌಡ ನಿಲ್ದಾಣಕ್ಕೂ ನೇರ ಅಂತರ ಸುಮಾರು 13 ಕಿ.ಮೀ. ಇಳಿಯುವ ವಿಮಾನಕ್ಕೆ ಅದು ಮೂರು ನಿಮಿಷದ ದಾರಿ. ದಿಕ್ಸೂಚಿಯೊಂದನ್ನೇ ನಂಬಿದರೆ ಇವೆಲ್ಲ ಒಂದೇ.

ಇಂಥ ಜೋಡಿಗಳು ಹಿಂದೆಯೂ ಪೈಲಟ್‌ಗಳನ್ನು ದಾರಿ ತಪ್ಪಿಸಿವೆ. ಮುಂಬೈಯ ಜುಹೂ ಮತ್ತು ಸಾಂತಾಕ್ರೂಜ್ ಅಕ್ಕಪಕ್ಕದ ನಿಲ್ದಾಣಗಳು. ಸಾಂತಾಕ್ರೂಜ್‌ನಲ್ಲಿ ಇಳಿಯಬೇಕಿದ್ದ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನ 1953ರಲ್ಲಿ ಜುಹೂನ ಪುಟ್ಟ ಪಟ್ಟಿಯ ಮೇಲೆ ಇಳಿಯಿತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವೂ ಅದೇ ತಪ್ಪು ಮಾಡಿ, ಪಟ್ಟಿ ಸಾಲದೆ ಮುಂದಕ್ಕೆ ಹೋಗಿ ಹಾಳಾಯಿತು. ಯಾರೂ ಸಾಯಲಿಲ್ಲ.

ಅವು ಹಳೆಯ ಕಾಲದ ಮಾತು ಎಂದು ಬಿಡುವಂತಿಲ್ಲ. 2018ರ ಸೆಪ್ಟೆಂಬರ್ 7ರಂದು ತಿರುವನಂತಪುರದಿಂದ ಹೊರಟ ಏರ್ ಇಂಡಿಯಾದ ಎ-320 ವಿಮಾನ ಮಾಲ್ಡೀವ್ಸ್‌ನ ಮಾಲೆಯಲ್ಲಿ ಇಳಿದದ್ದು ಇನ್ನೂ ಕಟ್ಟುತ್ತಿದ್ದ ರನ್‌ವೇಯ ಮೇಲೆ. ಬಳಕೆಯಲ್ಲಿದ್ದ ರನ್‌ವೇ ಅದರ ಪಕ್ಕದಲ್ಲೇ ಇತ್ತು. ವಿಮಾನದಲ್ಲಿ 130ಕ್ಕೂ ಹೆಚ್ಚು ಪ್ರಯಾಣಿಕರಿದ್ದರು. ಟೈರುಗಳು ಹೋದವು, ಜನ ಉಳಿದರು.

ಆದರೆ ಈ ತಪ್ಪು ಹೇಗೆ ಹುಟ್ಟುತ್ತದೆ ಎಂಬುದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಕಲಿಸಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ರಾತ್ರಿ. 2017ರ ಜುಲೈ 7, ಮಧ್ಯರಾತ್ರಿಗೆ ಕೆಲವೇ ನಿಮಿಷ ಬಾಕಿ. ಟೊರಾಂಟೊದಿಂದ ಬಂದ ಏರ್ ಕೆನಡಾ 759ರಲ್ಲಿ 140 ಜನ. ಅದು ಇಳಿಯಬೇಕಿದ್ದದ್ದು 28-ಬಲ ರನ್‌ವೇಯಲ್ಲಿ. ಅದರ ಜೋಡಿ 28-ಎಡ ಕಾಮಗಾರಿಗಾಗಿ ಮುಚ್ಚಿತ್ತು, ಅದರ ದೀಪಗಳೂ ಆರಿದ್ದವು. ಆ ಸುದ್ದಿ ಪೈಲಟ್‌ಗಳಿಗೆ ಕೊಟ್ಟ 27 ಪುಟಗಳ ಕಾಗದದ ಕಟ್ಟಿನಲ್ಲಿ 8ನೇ ಪುಟದಲ್ಲಿತ್ತು. ಅವರ ಮನಸ್ಸಿನಲ್ಲಿ ಅದು ಉಳಿಯಲಿಲ್ಲ.

ಎರಡು ಪಟ್ಟಿ ಕಾಣಬೇಕು, ಬಲಗಡೆಯದು ನಮ್ಮದು ಎಂಬ ಲೆಕ್ಕದಲ್ಲಿ ಅವರು ಬಂದರು. ಕೆಳಗೆ ಎರಡು ಬೆಳಗುವ ಪಟ್ಟಿ ಕಂಡವು ಕೂಡ. ಎಡಗಡೆಯದು ನಿಜವಾದ 28-ಬಲ. ಬಲಗಡೆಯದು ಟ್ಯಾಕ್ಸಿವೇ, ಅಂದರೆ ವಿಮಾನಗಳು ಹಾರುವ ಸರದಿಗಾಗಿ ನಿಲ್ಲುವ ದಾರಿ. ಅದರ ಮೇಲೆ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು, ಅವುಗಳಲ್ಲಿ ಸಾವಿರದಷ್ಟು ಜನ. ರನ್‌ವೇಯ ಅಂಚಿನ ದೀಪ ಬಿಳಿ, ಟ್ಯಾಕ್ಸಿವೇಯ ಅಂಚಿನದು ನೀಲಿ, ನಡುಗೆರೆಯದು ಹಸಿರು. ಪೈಲಟ್ ತರಬೇತಿಯ ಮೊದಲ ಪಾಠಗಳಲ್ಲೇ ಬರುವ ಬಣ್ಣಗಳು ಇವು.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಪೈಲಟ್‌ಗೆ ಸಂಶಯ ಬಂತು. ರನ್‌ವೇ ಮೇಲೆ ಏನೋ ದೀಪಗಳು ಕಾಣುತ್ತಿವೆ, ನಾವು ಇಳಿಯಬಹುದೇ ಎಂದು ನಿಯಂತ್ರಣ ಗೋಪುರವನ್ನು ಕೇಳಿದರು. ಗೋಪುರದಲ್ಲಿದ್ದ ಒಬ್ಬರೇ ನಿಯಂತ್ರಕರು ನೋಡಿ, 28-ಬಲದ ಮೇಲೆ ನಿಮ್ಮನ್ನು ಬಿಟ್ಟು ಯಾರೂ ಇಲ್ಲ ಎಂದರು. ಪ್ರಶ್ನೆ ಸರಿಯಾಗಿತ್ತು, ಉತ್ತರವೂ ಸತ್ಯವಾಗಿತ್ತು. ಆದರೆ ಕೇಳಿದವರ ಕಣ್ಣು ಒಂದು ಪಟ್ಟಿಯ ಮೇಲೆ, ಹೇಳಿದವರ ಕಣ್ಣು ಇನ್ನೊಂದರ ಮೇಲೆ. ಆ ಸತ್ಯವಾದ ಉತ್ತರವೇ ತಪ್ಪನ್ನು ಗಟ್ಟಿ ಮಾಡಿತು.

ಕೆಳಗೆ ಸರದಿಯ ಮೊದಲ ವಿಮಾನದ ಪೈಲಟ್, ಇವನು ಟ್ಯಾಕ್ಸಿವೇ ಮೇಲೆ ಬರುತ್ತಿದ್ದಾನೆ ಎಂದು ರೇಡಿಯೋದಲ್ಲಿ ಕೂಗಿದರು. ಎರಡನೆಯ ವಿಮಾನದವರು ತಮ್ಮ ದೀಪ ಹೊತ್ತಿಸಿದರು. ಏರ್ ಕೆನಡಾದ ಪೈಲಟ್‌ಗಳು ಆ ಹೊತ್ತಿಗೆ ತಾವಾಗಿಯೇ ಮತ್ತೆ ಮೇಲೇರಲು ಆರಂಭಿಸಿದ್ದರು. ಆದರೂ ವಿಮಾನ ನೆಲದಿಂದ 60 ಅಡಿಯವರೆಗೆ ಇಳಿದೇ ಏರಿತು. ಸರದಿಯಲ್ಲಿ ಎರಡನೆಯದಾಗಿ ನಿಂತ ಎ-340ರ ಬಾಲದ ತುದಿಯೇ 55 ಅಡಿ ಎತ್ತರ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕುಷ್ಟಗಿಗೆ ಬರುವವರು ನಸುಕಿನಲ್ಲಿ ಅರೆನಿದ್ದೆಯಿಂದ ಎದ್ದು ಕಿಟಕಿಯಲ್ಲಿ ನೋಡುವುದನ್ನು ನೆನೆಯಿರಿ. ‘ಕುಷ್ಟಗಿ ಬಂತು’ ಎಂದು ಮನಸ್ಸು ಒಮ್ಮೆ ತೀರ್ಮಾನಿಸಿತೆಂದರೆ ಹೊರಗಿನ ಪೆಟ್ರೋಲ್ ಬಂಕು, ಚಹಾದಂಗಡಿ, ಕ್ರಾಸಿನ ದೀಪ ಎಲ್ಲವೂ ಕುಷ್ಟಗಿಯವೇ ಆಗಿ ಕಾಣುತ್ತವೆ. ಒಪ್ಪದ ಗುರುತುಗಳನ್ನು ಮಿದುಳು ಪಕ್ಕಕ್ಕೆ ಸರಿಸುತ್ತದೆ. ಮನೋವಿಜ್ಞಾನಿಗಳು ಇದನ್ನು ನಿರೀಕ್ಷೆಯ ಪೂರ್ವಗ್ರಹ ಎನ್ನುತ್ತಾರೆ. ನಿದ್ದೆಗೆಟ್ಟಾಗ ಅದು ಇನ್ನೂ ಬಲವಾಗುತ್ತದೆ. ಆ ರಾತ್ರಿ ಏರ್ ಕೆನಡಾದ ಕ್ಯಾಪ್ಟನ್ ಎಚ್ಚರವಾಗಿಯೇ 19 ಗಂಟೆ ದಾಟಿತ್ತು. ಬಸ್ಸಿನಿಂದ ತಪ್ಪು ಕ್ರಾಸಿನಲ್ಲಿ ಇಳಿದವರು ಮುಂದಿನ ಬಸ್ಸು ಹಿಡಿಯಬಹುದು. ವಿಮಾನ ಇಳಿಯುವ ವೇಗ ಗಂಟೆಗೆ ಸುಮಾರು 260 ಕಿ.ಮೀ. ಸಾವಿರ ಅಡಿ ಎತ್ತರದಿಂದ ನೆಲ ಮುಟ್ಟಲು ಹೆಚ್ಚೆಂದರೆ ಒಂದೂವರೆ ನಿಮಿಷ.

ಇದಕ್ಕೆ ಮದ್ದಿಲ್ಲವೇ? ಇದೆ, ಅದೂ ಬಹಳ ಹಳೆಯದು. ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆ ರನ್‌ವೇಯ ಆಚೆ ತುದಿಯಿಂದ ಎರಡು ಕಂಪನಗಳನ್ನು ಬೀರುತ್ತದೆ. ಇಳಿಯಲು ಬರುವವರ ಎಡಕ್ಕೆ ಸೆಕೆಂಡಿಗೆ 90ರ ಕಂಪನ ಜೋರು, ಬಲಕ್ಕೆ 150ರದು ಜೋರು. ಎತ್ತಿನ ಜೋಡಿಯಲ್ಲಿ ಒಂದು ಹೆಚ್ಚು ಎಳೆದರೆ ಸಾಲು ಸೊಟ್ಟಗಾಗುತ್ತದೆ, ಎರಡೂ ಸಮವಾಗಿ ಎಳೆದರೆ ನೇರ. ಅದೇ ರೀತಿ ಎರಡು ಕಂಪನಗಳೂ ಸಮವಾಗಿರುವ ಗೆರೆಯೇ ರನ್‌ವೇಯ ನಡುಗೆರೆ, ಕಾಕ್‌ಪಿಟ್‌ನ ಮುಳ್ಳು ಅಲ್ಲಿ ನಡುವೆ ನಿಲ್ಲುತ್ತದೆ. ಮೇಲೆ-ಕೆಳಗಿನ ಲೆಕ್ಕಕ್ಕೂ ಇಂಥದೇ ಇನ್ನೊಂದು ಜೋಡಿ ಇದ್ದು, ವಿಮಾನವನ್ನು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಸುತ್ತದೆ. ಪ್ರತಿ ರನ್‌ವೇಗೂ ಬೇರೆ ತರಂಗ, ಬೇರೆ ಗುರುತಿನ ಸಂಕೇತ. ಮುಳ್ಳಿಗೆ ನಿರೀಕ್ಷೆ ಎಂಬುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ರಾತ್ರಿ ಕಣ್ಣಳತೆಯಲ್ಲಿ ಇಳಿಯುವ ಕ್ರಮವಿತ್ತು. ಜೊತೆಗೆ ಐಎಲ್‌ಎಸ್ ತರಂಗವನ್ನೂ ಹಾಕಿಕೊಳ್ಳಬೇಕಿತ್ತು, ಅದು ತಪ್ಪಿಹೋಗಿತ್ತು. ಹಾಕಿದ್ದರೆ ಮುಳ್ಳು ಪಕ್ಕಕ್ಕೆ ವಾಲಿ ಬಹಳ ಮೊದಲೇ ಎಚ್ಚರಿಸುತ್ತಿತ್ತು.

ಯಂತ್ರದ ಜೊತೆಗೆ ಇನ್ನೊಬ್ಬರ ಕಣ್ಣೂ ಬೇಕು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಒಂದೇ ಹೊತ್ತಿಗೆ ಏರಿ, ಒಂದನ್ನೊಂದು ಸಮೀಪಿಸುವ ದಾರಿಯಲ್ಲಿ ಸಾಗಿದವು. ದಕ್ಷಿಣದ ರನ್‌ವೇ ಮುಚ್ಚುವ ತೀರ್ಮಾನ ಅದರ ನಿಯಂತ್ರಕರಿಗೆ ತಲುಪಿರಲಿಲ್ಲ. ರಾಡಾರ್ ಪರದೆಯ ಮುಂದಿದ್ದ ನಿಯಂತ್ರಕರು ವಿಮಾನಗಳು ಹತ್ತಿರವಾಗುತ್ತಿರುವುದನ್ನು ಕಂಡು ಅವನ್ನು ತಿರುಗಿಸಿದರು. 400ಕ್ಕೂ ಹೆಚ್ಚು ಜನ ಉಳಿದರು.

ಕೊಪ್ಪಳದ ಬಳಿ ಬಸಾಪುರದಲ್ಲಿ ಖಾಸಗಿ ಕಂಪನಿಯೊಂದರ ಏರ್‌ಸ್ಟ್ರಿಪ್ ಇದೆ. ಜನ ಜಿಲ್ಲೆಗೆ ವಿಮಾನ ಬೇಕೆಂದು ಕೇಳುತ್ತಲೇ ಬಂದಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಗಂಗಾವತಿಯವರು ಇಂದಿಗೂ ತೋರಣಗಲ್ಲಿನ ಬಳಿಯ ವಿದ್ಯಾನಗರಕ್ಕೋ ಹುಬ್ಬಳ್ಳಿಗೋ ಹೋಗಬೇಕು. ನನ್ನ ಮನವಿ ಇಷ್ಟೇ: ಟರ್ಮಿನಲ್ ಕಟ್ಟಡ, ಟಿಕೆಟ್ ದರಗಳ ಜೊತೆಗೆ ಇಳಿಯಲು ದಾರಿ ತೋರುವ ದೀಪಗಳು, ಐಎಲ್‌ಎಸ್, ಗೋಪುರದಲ್ಲಿ ಸಾಕಷ್ಟು ಸಿಬ್ಬಂದಿ ಇವನ್ನೂ ಕೇಳೋಣ.

ಇನ್ನೊಂದು ಮಾತು ಪ್ರಯಾಣಿಕರಿಗೆ. ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಎಂಜಿನ್ ಗುಡುಗಿ ಮತ್ತೆ ಮೇಲೇರಿದರೆ ಹೆದರಬೇಡಿ, ತಡವಾಯಿತೆಂದು ಬೈಯಬೇಡಿ. ಅದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಏನೋ ಸರಿ ಕಾಣುತ್ತಿಲ್ಲ ಎಂದು ಪೈಲಟ್ ತನ್ನ ಕಣ್ಣನ್ನೇ ನಂಬದೆ ತೆಗೆದುಕೊಂಡ ತೀರ್ಮಾನ ಅದು. ಸ್ಯಾನ್ ಫ್ರಾನ್ಸಿಸ್ಕೋದ ಸಾವಿರಕ್ಕೂ ಹೆಚ್ಚು ಜನ ಆ ರಾತ್ರಿ ಮನೆ ಸೇರಿದ್ದು ಆ ತೀರ್ಮಾನದಿಂದ.