ಕುರಿಮರಿಯ ಎರಡು ಮುಖಗಳು

ಬೆಲ್ಜಿಯಂ ದೇಶದ ಗೆಂಟ್ ನಗರದ ಸಂತ ಬಾವೋ ಪ್ರಧಾನಾಲಯದಲ್ಲಿ ಜಗದ್ವಿಖ್ಯಾತವಾದ ವರ್ಣಚಿತ್ರವೊಂದಿದೆ. ಓಕ್ ಮರದ ಹಲಗೆಗಳ ಮೇಲೆ ಹೂಬರ್ಟ್ ಮತ್ತು ಯಾನ್ ವಾನ್ ಐಕ್ ಸೋದರರು ರಚಿಸಿದ ಈ ಕೃತಿ 1432ರಲ್ಲಿ ಪೂರ್ಣಗೊಂಡಿತು. ಬಲಿಪೀಠದ ಮೇಲೆ ನಿಂತ ಯಜ್ಞದ ಕುರಿಮರಿ, ಅದರ ಎದೆಯಿಂದ ಪಾತ್ರೆಗೆ ಹರಿಯುವ ರಕ್ತಧಾರೆ, ಸುತ್ತಲೂ ನೆರೆದ ಭಕ್ತವೃಂದ. ಇದೇ ಚಿತ್ರದ ಹೃದಯಭಾಗ.

ಈ ಹಲಗೆಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. 1934ರಲ್ಲಿ ಕಳುವಾದ ಒಂದು ಹಲಗೆ ಮರಳಿ ದೊರೆಯಲೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಉಳಿದುವನ್ನು ಅಪಹರಿಸಿದರು. 1945ರಲ್ಲಿ ಅವು ಆಸ್ಟ್ರಿಯಾದ ಆಲ್ಟೌಸೀ ಉಪ್ಪಿನ ಗಣಿಯಲ್ಲಿ ಪತ್ತೆಯಾದವು.

ಆದರೆ ಕಳ್ಳರಿಗಿಂತಲೂ ಹೆಚ್ಚಿನ ಮಾರ್ಪಾಟು ಮಾಡಿದವರು ಹಿತೈಷಿಗಳೇ! ಹದಿನಾರನೆಯ ಶತಮಾನದಲ್ಲಿ ಯಾರೋ ಕುಶಲಿಗಳು ಮೂಲಚಿತ್ರದ ಮೇಲೆಯೇ ಹೊಸ ಬಣ್ಣ ಬಳಿದಿದ್ದರು. ಅವರು ಮೂಲದ ರೇಖೆಗಳನ್ನೇ ಬಹುಮಟ್ಟಿಗೆ ಅನುಸರಿಸಿದ್ದರಿಂದ ಈ ವಂಚನೆ ಕಣ್ಣಿಗೆ ಗೋಚರಿಸಲಿಲ್ಲ. 1950–51ರಲ್ಲಿ ಪಾಲ್ ಕೋರ್‌ಮಾನ್ಸ್ ಅವರ ನೇತೃತ್ವದಲ್ಲಿ ಶುದ್ಧೀಕರಣ ನಡೆದಾಗ, ಕುರಿಮರಿಯ ತಲೆಯ ಬಳಿ ಕೊಂಚ ಮೇಲ್ಬಣ್ಣವನ್ನು ತೆಗೆಯಲಾಯಿತು. ಮೂಲದ ಕಿವಿಗಳೂ ಕಾಣಿಸಿದವು. ಅಂದಿನಿಂದ ಪಾಪ, ಆ ಪ್ರಾಣಿ ನಾಲ್ಕು ಕಿವಿಗಳನ್ನು ಹೊತ್ತು ನಿಂತಿತು.

2012ರಲ್ಲಿ ಬೆಲ್ಜಿಯಂನ ರಾಜಮನ್ನಣೆಯ ಕಲಾಪರಂಪರಾ ಸಂಸ್ಥೆಯ ತಜ್ಞರು ಪುನಃ ಕಾರ್ಯಕ್ಕಿಳಿದರು. ಕ್ಷ-ಕಿರಣವನ್ನು ಬಣ್ಣದ ಮೇಲೆ ಹಾಯಿಸಿದರೆ ಅದರಲ್ಲಿನ ಪ್ರತಿಯೊಂದು ಧಾತುವೂ ತನ್ನದೇ ವಿಶಿಷ್ಟ ಕಿರಣವನ್ನು ಹೊರಸೂಸುತ್ತದೆ. ಸೀಸವಿದ್ದರೆ ಬಿಳಿ, ಪಾದರಸವಿದ್ದರೆ ಇಂಗುಲೀಕದ ಕೆಂಪು, ತಾಮ್ರವಿದ್ದರೆ ನೀಲಿ ಅಥವಾ ಹಸಿರು. ಹೀಗೆ ಚುಕ್ಕೆ ಚುಕ್ಕೆಯಾಗಿ ಅಳೆದು ಧಾತುಗಳ ನಕ್ಷೆಯನ್ನು ರಚಿಸಿದಾಗ ಒಳಗಿನ ಚಿತ್ರ ಹೊರಬಂದಿತು. ಸಾಸಿವೆಕಾಳಿಗಿಂತಲೂ ಅದೆಷ್ಟೋ ಕಿರಿದಾದ ಚೂರುಗಳನ್ನು ರಾಳದಲ್ಲಿ ಹುದುಗಿಸಿ, ನಯಗೊಳಿಸಿ, ಸೂಕ್ಷ್ಮದರ್ಶಕದಡಿ ನೋಡಿದರು. ಸುಣ್ಣಸೀಮೆಯ ತಳ, ಮೂಲವರ್ಣ, ಹಳೆಯ ವಾರ್ನಿಷು, ಅದರ ಮೇಲೆ ಪರರ ಬಣ್ಣ ಎಂಬ ಪದರಗಳು ಸ್ಪಷ್ಟವಾದವು. ಹೊರಬದಿಯ ಹಲಗೆಗಳಲ್ಲಿ ಸುಮಾರು 70 ಪಾಲು ಶೇಕಡಾ ಮುಚ್ಚಿಹೋಗಿತ್ತು.

ಈಗ ಕಠಿಣ ಪ್ರಶ್ನೆಯೊಂದು ಎದುರಾಯಿತು. ನಾಲ್ಕೂವರೆ ಶತಮಾನಗಳ ಮೇಲ್ಬಣ್ಣವೂ ಇತಿಹಾಸವೇ ಅಲ್ಲವೆ? ಒಮ್ಮೆ ಕೆರೆದು ತೆಗೆದುದನ್ನು ಮತ್ತೆ ಅಂಟಿಸುವುದು ಅಸಾಧ್ಯ. ಅಡಿಯ ಮೂಲವರ್ಣ ಬಹುತೇಕ ಕ್ಷೇಮವಾಗಿದೆ, ನಡುವಣ ವಾರ್ನಿಷು ರಕ್ಷಣೆ ನೀಡುತ್ತದೆ ಎಂಬುದು ಪರೀಕ್ಷೆಗಳಿಂದ ಖಚಿತವಾದ ಬಳಿಕವೇ, ಅಂತರರಾಷ್ಟ್ರೀಯ ತಜ್ಞರೊಡನೆ ಸಮಾಲೋಚಿಸಿ, ತೆಗೆಯುವ ನಿರ್ಧಾರವಾಯಿತು. ಸೂಕ್ಷ್ಮದರ್ಶಕದಡಿ ಸಣ್ಣ ಅಲಗಿನಿಂದ ಕೂದಲೆಳೆಯಷ್ಟು ಜಾಗ್ರತೆಯಲ್ಲಿ ಕೆಲಸ ಸಾಗಿತು. ಗೆಂಟ್‌ನ ಕಲಾಸಂಗ್ರಹಾಲಯದಲ್ಲಿ ಗಾಜಿನ ಗೋಡೆಯಾಚೆಯಿಂದ ಜನರೂ ಅದನ್ನು ನೋಡುತ್ತಿದ್ದರು.

2019ರ ಹೊತ್ತಿಗೆ ವಾನ್ ಐಕ್‌ರ ಕುರಿಮರಿ ಕಣ್ತೆರೆದಿತ್ತು. ಹಿಂದಿನ ಸಾಧು ಮುಖವೆಲ್ಲಿ? ಒತ್ತಾಗಿರುವ, ನೇರವಾಗಿ ನಮ್ಮತ್ತಲೇ ನೆಟ್ಟ, ಮಾನವನದೆಂಬಂತಹ ಕಣ್ಣುಗಳು! ಹಲವರು ನಕ್ಕರು, ಕೆಲವರು ಬೆಚ್ಚಿದರು. ಆದರೆ ತನ್ನ ಬಲಿಯನ್ನು ತಾನೇ ಬಲ್ಲ ಪ್ರಾಣಿ ನೋಡುಗನನ್ನು ದಿಟ್ಟಿಸುವುದು ಆಶ್ಚರ್ಯವೇ? ಮೇಲ್ಸಾಲಿನ ಹಲಗೆಗಳ ಸರದಿ 2023ರಲ್ಲಿ ಆರಂಭವಾಯಿತು.