ಮಂತ್ರಿ ಹೋಯಿತೆಂದು ಎದ್ದು ಬರಬೇಕೇ?

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಭಾನುವಾರ ಮಕ್ಕಳ ಚೆಸ್ ಟೂರ್ನಿ ಇದ್ದರೆ ಹಾಲ್‌ನ ಒಳಗಿನ ಆಟಕ್ಕಿಂತ ಬಾಗಿಲಾಚೆಯ ವಾದವೇ ಜೋರಾಗಿರುತ್ತದೆ. ಸೋತು ಬಂದ ಮಗನಿಗೆ ಒಬ್ಬರು, “ಮಂತ್ರಿ ಹೋದಮೇಲೂ ಏನ್ ಎಳೀತಾ ಕೂತಿದ್ಯೋ? ಮರ್ಯಾದೆಯಾಗಿ ರಿಸೈನ್ ಮಾಡಿ ಬರೋದಲ್ವಾ?” ಅನ್ನುತ್ತಾರೆ. ಪಕ್ಕದಲ್ಲೇ ಇನ್ನೊಬ್ಬರು, “ಮೇಟ್ ಆಗೋತನಕ ಏಳಬೇಡ ಪುಟ್ಟಿ, ರಿಸೈನ್ ಮಾಡೋರು ಹೇಡಿಗಳು” ಎಂದು ಮಗಳನ್ನು ಮುಂದಿನ ಸುತ್ತಿಗೆ ಕಳಿಸುತ್ತಾರೆ. ಇಬ್ಬರ ಮಾತೂ ತಪ್ಪು. ನನ್ನ ಲೆಕ್ಕದಲ್ಲಿ ಮೊದಲಿನವರದು ಹೆಚ್ಚು ತಪ್ಪು.

ತಪ್ಪು ಕಲ್ಪನೆ: ಸೋಲು ಕಂಡಮೇಲೆ ರಿಸೈನ್ ಮಾಡುವುದು ನಿಯಮ, ಮುಂದುವರಿಸಿದರೆ ಎದುರಾಳಿಗೆ ಅವಮಾನ

ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಾವಳಿಯಲ್ಲಿ ರಿಸೈನ್‌ಗೆ ಸಿಕ್ಕಿರುವ ಜಾಗ ಚಿಕ್ಕದು. 5.1.2ನೇ ನಿಯಮದ ಪ್ರಕಾರ, ಆಟಗಾರ ಸೋಲೊಪ್ಪಿಕೊಂಡೆ ಎಂದು ಹೇಳಿದರೆ ಎದುರಾಳಿ ಗೆದ್ದಂತೆ, ಆಟ ಅಲ್ಲಿಗೇ ಮುಗಿಯಿತು. ಎಷ್ಟು ಕಾಯಿ ಹೋದಮೇಲೆ ಒಪ್ಪಿಕೊಳ್ಳಬೇಕು ಎಂಬ ಮಾತು ಎಲ್ಲೂ ಇಲ್ಲ. ರಾಜನನ್ನು ಅಡ್ಡ ಮಲಗಿಸುವುದು ವಾಡಿಕೆ ಅಷ್ಟೇ. ಸಿನಿಮಾದವರಿಗೆ ಅದು ಬಲು ಇಷ್ಟ. ಗಡಿಯಾರ ನಿಲ್ಲಿಸಿದರೂ, ಕೈ ಚಾಚಿದರೂ, ಸ್ಕೋರ್‌ಶೀಟ್‌ಗೆ ಸಹಿ ಹಾಕಿದರೂ ರಿಸೈನ್ ಎಂದು ತಿಳಿಯಬಹುದು, ಆದರೆ ಇವೆಲ್ಲಕ್ಕೂ ಬೇರೆ ಅರ್ಥ ಬರಬಹುದು ಎಂದು ಫಿಡೆಯ ಆರ್ಬಿಟರ್ ಕೈಪಿಡಿಯೇ ಎಚ್ಚರಿಸುತ್ತದೆ. ಮಕ್ಕಳ ಟೂರ್ನಿಯಲ್ಲಿ ಒಬ್ಬ ಕೈ ಚಾಚಿದ್ದು ಡ್ರಾ ಕೇಳಲು, ಇನ್ನೊಬ್ಬ ಕುಲುಕಿದ್ದು ಗೆದ್ದೆನೆಂದು. ಆಮೇಲೆ ಇಬ್ಬರೂ ಅಳುತ್ತಾರೆ. ಬಾಯಿಬಿಟ್ಟು “ರಿಸೈನ್” ಎಂದು ಹೇಳುವುದೇ ಕ್ಷೇಮ.

ಮರ್ಯಾದೆಯ ಮಾತು ಬಂದದ್ದು ಗ್ರ್ಯಾಂಡ್‌ಮಾಸ್ಟರ್‌ಗಳ ಲೋಕದಿಂದ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ತಪ್ಪು ಮನೆಗಿಟ್ಟರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಯಿತು. ಉಳಿದದ್ದು ಎದುರಾಳಿ ಗುಕೇಶ್‌ಗೆ ಎರಡು ಪದಾತಿ, ಡಿಂಗ್‌ಗೆ ಒಂದು. 58 ನಡೆಗೆ ಡಿಂಗ್ ಸೋಲೊಪ್ಪಿದರು. ಮೇಟ್ ಇನ್ನೂ ಬಹಳ ದೂರವಿತ್ತು, ಆದರೆ ಮುಂದಿನದು ಇಬ್ಬರಿಗೂ ಬಾಯಿಪಾಠ. ಎದುರಾಳಿಗೆ ಗೊತ್ತಿದೆ ಎಂಬುದು ತನಗೂ ಗೊತ್ತಿರುವಾಗ ಬಿಟ್ಟುಕೊಡುವುದು ಗೌರವವೇ ಸರಿ.

ಐದನೇ ಕ್ಲಾಸಿನ ಮಗುವಿನ ಎದುರಾಳಿಗೆ ಆ ಪಾಠ ಬಾಯಿಗೆ ಬಂದಿದೆ ಎಂದು ಯಾರು ಹೇಳಿದರು? ಸೋತವನ ರಾಜ ಎಚ್8ರ ಮೂಲೆಯಲ್ಲಿ ಒಂಟಿಯಾಗಿದ್ದಾನೆ, ಬೇರೆ ಕಾಯಿ ಇಲ್ಲ ಎನ್ನಿ. ಗೆಲ್ಲುವವಳು ಉತ್ಸಾಹದಲ್ಲಿ ಮಂತ್ರಿಯನ್ನು ಜಿ6ಕ್ಕೆ ತಂದಿಟ್ಟಳು. ರಾಜನಿಗೆ ಶಹ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ತಲಾ ಅರ್ಧ ಅಂಕ. ಅಲ್ಲಿಯತನಕ ಕೂತವನಿಗೆ ಸಿಕ್ಕ ಅರ್ಧ ಅಂಕದಲ್ಲಿ ಅವಮಾನ ಎಲ್ಲಿಂದ ಬಂತು? ಒಂಟೆ ಮತ್ತು ಕುದುರೆ ಎರಡೇ ಇಟ್ಟುಕೊಂಡು ಒಂಟಿ ರಾಜನನ್ನು ಮೇಟ್ ಮಾಡಲು ಸರಿಯಾಗಿ ಆಡಿದರೂ 33 ನಡೆವರೆಗೆ ಬೇಕಾಗಬಹುದು. ಕಾಯಿ ಹೊಡೆಯದೆ, ಪದಾತಿ ನಡೆಯದೆ ಇಬ್ಬರೂ ಐವತ್ತೈವತ್ತು ನಡೆ ಆಡಿದರೆ ಡ್ರಾ ಕೇಳಬಹುದು. ತಡಕಾಡುವವನಿಗೆ ಐವತ್ತು ಸಾಲದು.

ತಪ್ಪು ಕಲ್ಪನೆ: ಕಾಯಿ ಎಣಿಸಿದರೆ ಸೋಲು ತಿಳಿಯುತ್ತದೆ

ಎದುರಾಳಿಗೆ ಒಂದು ಒಂಟೆಯೂ ಒಂದು ಪದಾತಿಯೂ ಇದೆ, ನಿಮಗೆ ಬರೀ ರಾಜ. ಹೊರಗೆ ನಿಂತ ಅಪ್ಪನ ಲೆಕ್ಕದಲ್ಲಿ ಆಟ ಮುಗಿದಿದೆ. ಆದರೆ ಬಿಳಿಯ ಆ ಪದಾತಿ ಎಚ್ ಸಾಲಿನದಾಗಿ, ಒಂಟೆ ಬಿಳಿ ಮನೆಯದಾಗಿದ್ದು, ನಿಮ್ಮ ರಾಜ ಎಚ್8ಕ್ಕೆ ತಲುಪಿಬಿಟ್ಟರೆ ಅದು ಡ್ರಾ. ಎಚ್8 ಕಪ್ಪು ಮನೆ. ಆ ಒಂಟೆ ಜನ್ಮದಲ್ಲಿ ಅಲ್ಲಿಗೆ ಶಹ ಕೊಡಲಾರದು. ನೀವು ಮೂಲೆಯಲ್ಲೇ ಅತ್ತಿತ್ತ ಆಡುತ್ತಿದ್ದರೆ ಸಾಕು. ಇದನ್ನು ಕಲಿಯದ ಮಕ್ಕಳು ಕೈಯಲ್ಲಿದ್ದ ಅರ್ಧ ಅಂಕ ಬಿಟ್ಟು ಎದ್ದು ಬರುತ್ತಾರೆ.

ಮಕ್ಕಳೇ ಏಕೆ, 1902ರಲ್ಲಿ ಮಾಂಟೆ ಕಾರ್ಲೊದಲ್ಲಿ ಪೋಪಿಯೆಲ್ ವಿರುದ್ಧ ಗಿಯೋರ್ಗ್ ಮಾರ್ಕೊ ಮಾಡಿದ್ದು ಇದಕ್ಕಿಂತ ಘೋರ. ಕಟ್ಟಿಬಿದ್ದ ತನ್ನ ಒಂಟೆ ಹೋಗೇ ಹೋಗುತ್ತದೆಂದು ಬಗೆದು ರಿಸೈನ್ ಮಾಡಿದರು. ಅದೇ ಒಂಟೆಯನ್ನು ಜಿ1ಕ್ಕೆ ಹಾಯಿಸಿದ್ದರೆ ಎಚ್2ರಲ್ಲಿ ಮೇಟ್‌ನ ಬೆದರಿಕೆ, ಜೊತೆಗೆ ಹಿಂದಿನ ಆನೆಗೆ ದಾರಿ ತೆರೆದು ಎದುರಾಳಿಯ ಮಂತ್ರಿಗೂ ಕುತ್ತು. ಗೆದ್ದ ಆಟವನ್ನೇ ಬಿಟ್ಟುಕೊಟ್ಟಿದ್ದರು. 1997ರ ಮೇ 4ರಂದು ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಎದುರಿನ ಎರಡನೇ ಆಟದಲ್ಲಿ ಕಾಸ್ಪರೋವ್ ರಿಸೈನ್ ಮಾಡಿದ ಸ್ಥಿತಿಯಲ್ಲಿ, ಮೇಲಿಂದ ಮೇಲೆ ಶಹ ಕೊಡುತ್ತಾ ಡ್ರಾಗೆ ಹೋಗುವ ದಾರಿ ಇತ್ತೆಂದು ವಿಶ್ಲೇಷಕರು ತೋರಿಸಿದರು. ಅದು ಕಾಸ್ಪರೋವ್‌ಗೆ ತಿಳಿದದ್ದು ಮರುದಿನ. ಯಂತ್ರ ಎಲ್ಲವನ್ನೂ ಕಂಡಿರುತ್ತದೆ ಎಂದು ನಂಬಿದ್ದರಿಂದಲೇ ಅವರು ಹುಡುಕಲಿಲ್ಲ ಎಂಬುದು ನನ್ನ ಗುಮಾನಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಗುಕೇಶ್‌ರದೇ. 2025ರ ಜೂನ್ 1ರಂದು ನಾರ್ವೆ ಚೆಸ್‌ನಲ್ಲಿ ಕಾರ್ಲ್‌ಸನ್ ಎದುರು ಬಹಳ ಹೊತ್ತು ಸೋಲುವ ಸ್ಥಿತಿಯಲ್ಲೇ ಇದ್ದರು. ಬಿಡಲಿಲ್ಲ. ಗಡಿಯಾರದ ಒತ್ತಡದಲ್ಲಿ ಕಾರ್ಲ್‌ಸನ್ ಕುದುರೆಯ ತಪ್ಪು ನಡೆ ಇಟ್ಟರು, ಸೋತರು, ಮೇಜಿಗೆ ಗುದ್ದಿದರು.

ರೇಟಿಂಗ್ ಉಳಿಯುತ್ತದೆಂದು ಬೇಗ ಎದ್ದು ಬರುವವರೂ ಇದ್ದಾರೆ. ಇಪ್ಪತ್ತನೇ ನಡೆಗೆ ಬಿಟ್ಟರೂ ಅರವತ್ತಕ್ಕೆ ಮೇಟ್ ಆದರೂ ಕಳೆಯುವ ಅಂಕ ಅಷ್ಟೇ.

ತಪ್ಪು ಕಲ್ಪನೆ: ರಿಸೈನ್ ಮಾಡುವವರು ಹೇಡಿಗಳು

ಹಾಗಾದರೆ ಎಂದೂ ಬಿಡಲೇಬಾರದೇ? ಒಂದೇ ದಿನ ಮೇಲಿಂದ ಮೇಲೆ ಸುತ್ತುಗಳಿರುವ ಟೂರ್ನಿಯಲ್ಲಿ, ಉಸಿರಿಲ್ಲದ ಆಟಕ್ಕೆ ಮುಕ್ಕಾಲು ಗಂಟೆ ಸುರಿದವನು ಮುಂದಿನ ಬೋರ್ಡಿಗೆ ಊಟವಿಲ್ಲದೆ ಹೋಗುತ್ತಾನೆ. ಸೋಲುವಾಗ ಎರಡು ನಡೆಗೊಮ್ಮೆ “ಡ್ರಾ? ಡ್ರಾ?” ಎಂದು ಪೀಡಿಸಿದರೆ 11.5ನೇ ನಿಯಮದಡಿ ಆರ್ಬಿಟರ್ ಶಿಕ್ಷೆ ಕೊಡಬಹುದು. ಹೇಳದೆ ಕೇಳದೆ ಎದ್ದುಹೋಗಿ ಎದುರಾಳಿಯನ್ನು ಗಡಿಯಾರ ಕಾಯಲು ಬಿಡುವುದಂತೂ ನಿಜವಾದ ಅಗೌರವ.

ಒಂದು ಪರೀಕ್ಷೆ ಇಟ್ಟುಕೊಳ್ಳಬಹುದು. ಮನಸ್ಸಿನಲ್ಲೇ ಬೋರ್ಡ್ ತಿರುಗಿಸಿ. ಎದುರಾಳಿಯ ಕಾಯಿಗಳು ನಿಮಗೆ. ನಿಮ್ಮ ಕಾಯಿಗಳ ಹಿಂದೆ ನಮ್ಮ ಜಿಲ್ಲೆಯ ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿ ಕೂತಿದ್ದಾರೆ. ಆಗಲೂ ನೀವೇ ಗೆಲ್ಲುತ್ತೀರಾ? ಹೌದು ಎಂದಾದರೆ, ಎದುರಾಳಿ ನಿಮ್ಮಷ್ಟೇ ಬಲ್ಲವನಾಗಿದ್ದರೆ, ಅವನ ಗಡಿಯಾರದಲ್ಲಿ ಸಮಯವೂ ಇದ್ದರೆ, ಧಾರಾಳವಾಗಿ ಬಿಡಿ. ಮೂರರಲ್ಲಿ ಒಂದು ತಪ್ಪಿದರೂ ಕೂತಿರಿ. ಸಮಯದ ಮಾತು ಸಣ್ಣದಲ್ಲ: ಅವನ ಸಮಯ ಮುಗಿದರೆ ನೀವು ಗೆಲ್ಲಬಹುದು. ಆದರೆ ನಿಮ್ಮ ಬಳಿ ಬರೀ ರಾಜನಿದ್ದರೆ ಅದು ಡ್ರಾ ಆಗುತ್ತದೆ. ಹಾಗಾಗಿ ಸೋಲುವಾಗ ಒಂದಾದರೂ ಪದಾತಿ ಉಳಿಸಿಕೊಳ್ಳಿ.

ಈ ಪರೀಕ್ಷೆಯೂ ಹತ್ತು ವರ್ಷದ ಒಳಗಿನವರಿಗೆ ಬೇಡ. ಅವರು ಮೇಟ್ ಆಗುವವರೆಗೂ ಆಡಲಿ. ಎದುರಿನವರು ಮೇಟ್ ಕಟ್ಟುವುದನ್ನು ಹತ್ತಿರದಿಂದ ನೋಡಿದ ಮಗು ಅದನ್ನೇ ನಾಳೆ ತಾನು ಕಟ್ಟುತ್ತದೆ. ಹೊರಗೆ ಕಾಯುವ ಅಪ್ಪಂದಿರು ಒಂದು ಕಾಫಿ ಹೆಚ್ಚು ಕುಡಿಯಬೇಕಾದೀತು.