ದೂರದವರು ಕೂಡುವ ಮೇಜು: ವರ್ಚುವಲ್ ಟೇಬಲ್‌ಟಾಪ್ ತಂತ್ರಾಂಶದ ಆಯ್ಕೆ ಮತ್ತು ಸಿದ್ಧತೆ

ಒಂದೇ ಶಾಲೆಯಲ್ಲಿ ಕಲಿತವರು ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಒಂದೇ ಊರಿನಲ್ಲಿ ಇರುವುದು ಅಪರೂಪ. ಉದ್ಯೋಗ, ವ್ಯಾಪಾರ, ಸಂಸಾರಗಳ ನಿಮಿತ್ತ ಅವರು ದೇಶವಿದೇಶಗಳಲ್ಲಿ ಹಂಚಿಹೋಗಿರುತ್ತಾರೆ. ದೂರವಾಣಿಯಲ್ಲಿ ಯೋಗಕ್ಷೇಮ ಕೇಳುವುದೇನೋ ಉಂಟು. ಆದರೆ ಕೂಡಿ ಮಾಡುವ ಕೆಲಸವೊಂದು ಇಲ್ಲದಿದ್ದರೆ ಆ ಮಾತು ಬಹುಬೇಗ ಬತ್ತಿಹೋಗುತ್ತದೆ. ಹೀಗೆ ದೂರವಾದವರನ್ನು ವಾರಕ್ಕೊಂದು ಸಂಜೆ ಒಂದೆಡೆ ಕೂಡಿಸುವ ಸಾಧನಗಳಲ್ಲಿ ಪಾತ್ರಧಾರಣೆಯ ಆಟವೂ ಒಂದು. ಆ ಆಟಕ್ಕೆ ಬೇಕಾದ ಮೇಜನ್ನು ಗಣಕಯಂತ್ರದ ಪರದೆಯ ಮೇಲೆ ಒದಗಿಸುವ ತಂತ್ರಾಂಶಕ್ಕೆ ವರ್ಚುವಲ್ ಟೇಬಲ್‌ಟಾಪ್ ಎಂದು ಹೆಸರು. ಅದನ್ನು ಆರಿಸಿಕೊಳ್ಳುವ ಮತ್ತು ಅಣಿಗೊಳಿಸುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ನಮ್ಮದೇ ತಪ್ಪೊಂದನ್ನು ನಿವೇದಿಸಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ನಾವು ಆರು ಮಂದಿ ಸಹಪಾಠಿಗಳು ಇಂಥದೊಂದು ಆಟಕ್ಕೆ ತೊಡಗಿದೆವು. ನಗರಗಳಲ್ಲಿದ್ದ ಐವರೂ ಸೇರಿ ಹೆಚ್ಚು ಸೌಲಭ್ಯಗಳುಳ್ಳ, ನೋಡಲು ಸೊಗಸಾದ ತಂತ್ರಾಂಶವೊಂದನ್ನು ಆರಿಸಿದೆವು. ಹಳ್ಳಿಯಲ್ಲಿ ಬೇಸಾಯ ನೋಡಿಕೊಂಡಿದ್ದ ಆರನೆಯ ಗೆಳೆಯನ ಬಳಿ ಇದ್ದುದು ಒಂದು ಹಳೆಯ ಮೊಬೈಲ್ ಫೋನ್ ಮಾತ್ರ. ಮೂರು ವಾರ ಆತ ನಕ್ಷೆಯನ್ನು ಕಾಣದೆ ಬರಿಯ ಮಾತು ಕೇಳುತ್ತ ಕುಳಿತ. ನಾಲ್ಕನೆಯ ವಾರ, “ನೀವು ಆಡ್ರಿ, ನಾ ಆಮ್ಯಾಲ ಬರ್ತೀನಿ” ಎಂದವನು ಮರಳಿ ಬರಲಿಲ್ಲ. ದೋಷ ತಂತ್ರಾಂಶದ್ದಲ್ಲ, ಅದನ್ನು ಆರಿಸಿದ ನಮ್ಮದು. ಮುಂದೆ ಹೇಳುವುದೆಲ್ಲ ಆ ತಪ್ಪಿನಿಂದ ಕಲಿತ ಪಾಠವೆಂದರೂ ಸಲ್ಲುತ್ತದೆ.

೧. ಆಟದ ಸ್ವರೂಪ

ಪಾತ್ರಧಾರಣೆಯ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಕಥೆಯ ಒಂದು ಪಾತ್ರವನ್ನು ವಹಿಸುತ್ತಾನೆ. ಒಬ್ಬನು ಮಾತ್ರ ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ, ಉಳಿದೆಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಾನೆ. ವೇಷವಿಲ್ಲದೆ ಕುಳಿತು ಮಾತಿನಿಂದಲೇ ಪಾತ್ರವನ್ನು ಕಟ್ಟುವ ತಾಳಮದ್ದಳೆಯನ್ನು ಬಲ್ಲವರಿಗೆ ಇದರ ಕಲ್ಪನೆ ಸುಲಭವಾಗಿ ಬಂದೀತು. ಆದರೆ ವ್ಯತ್ಯಾಸವೊಂದಿದೆ. ತಾಳಮದ್ದಳೆಯಲ್ಲಿ ಪ್ರಸಂಗದ ಮುಕ್ತಾಯ ಎಲ್ಲರಿಗೂ ತಿಳಿದಿರುತ್ತದೆ. ಇಲ್ಲಿ ಯಾರಿಗೂ ತಿಳಿಯದು. ಪಾತ್ರವು ಕೈಗೊಂಡ ಸಾಹಸ ಫಲಿಸಿತೇ ಇಲ್ಲವೇ ಎಂಬುದನ್ನು ಬಹುಪಾಲು ಆಟಗಳಲ್ಲಿ ದಾಳಗಳು ನಿರ್ಣಯಿಸುತ್ತವೆ.

ಈ ಪ್ರಕಾರದ ಮೊದಲ ಪ್ರಕಟಿತ ಆಟವೆಂದು ಸಾಮಾನ್ಯವಾಗಿ ಗಣಿಸಲ್ಪಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ 1974ರಲ್ಲಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅದರಲ್ಲಿ 4, 6, 8, 10, 12 ಮತ್ತು 20 ಮುಖಗಳ ದಾಳಗಳು ಬಳಕೆಯಲ್ಲಿವೆ. ಮೇಜಿನ ಮೇಲೆ ಚೌಕಗಳ ನಕ್ಷೆ, ಅದರ ಮೇಲೆ ಪಾತ್ರಗಳನ್ನು ಸೂಚಿಸುವ ಬೊಂಬೆಗಳು, ಕೈಯಲ್ಲಿ ಪಾತ್ರದ ಶಕ್ತಿ ಸಾಮರ್ಥ್ಯಗಳನ್ನು ಬರೆದ ಹಾಳೆ, ಇವೇ ಅದರ ಪರಿಕರಗಳು.

ವರ್ಚುವಲ್ ಟೇಬಲ್‌ಟಾಪ್ ಈ ಪರಿಕರಗಳನ್ನೇ ಪರದೆಗೆ ತರುತ್ತದೆ. ನಕ್ಷೆಯನ್ನು ಎಲ್ಲರಿಗೂ ಏಕಕಾಲಕ್ಕೆ ತೋರಿಸುವುದು, ಬೊಂಬೆಯ ಬದಲು ಟೋಕನ್‌ಗಳನ್ನು ಸರಿಸಲು ಅನುವು ಮಾಡಿಕೊಡುವುದು, ಎಲ್ಲರ ಕಣ್ಣೆದುರಿಗೆ ದಾಳ ಉರುಳಿಸುವುದು, ಪಾತ್ರದ ಹಾಳೆಯನ್ನು ಕಾಪಾಡುವುದು, ಆಟಗಾರರು ಇನ್ನೂ ಕಾಣದ ಭಾಗವನ್ನು ಮರೆಮಾಡುವುದು, ಇಷ್ಟು ಅದರ ಮುಖ್ಯ ಕಾರ್ಯಗಳು. ಕಥೆ ಹೇಳುವ ಕೆಲಸ ಮಾತ್ರ ಎಂದಿನಂತೆ ಮನುಷ್ಯರದೇ.

೨. ಪ್ರಚಲಿತ ತಂತ್ರಾಂಶಗಳು

ಈ ಕ್ಷೇತ್ರದ ಹಿರಿಯ ತಂತ್ರಾಂಶಗಳಲ್ಲಿ ಒಂದಾದ ಫ್ಯಾಂಟಸಿ ಗ್ರೌಂಡ್ಸ್ 2004ರಲ್ಲಿ ಬಂದಿತು. ಅದನ್ನು ಸೂತ್ರಧಾರನೂ ಆಟಗಾರರೂ ತಮ್ಮ ತಮ್ಮ ಗಣಕಯಂತ್ರಗಳಲ್ಲಿ ಸ್ಥಾಪಿಸಿಕೊಳ್ಳಬೇಕು. ನಿಯಮಗಳ ಲೆಕ್ಕಾಚಾರವನ್ನು ತಾನೇ ಮಾಡಿಕೊಡುವುದು ಅದರ ವೈಶಿಷ್ಟ್ಯ.

2012ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಹೊರಬಂದ ರೋಲ್20ರ ಹುಟ್ಟು ಹಳೆಯ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವಂಥದು. ಕಾಲೇಜಿನ ದಿನಗಳಲ್ಲಿ ಒಂದೇ ಕೋಣೆಯಲ್ಲಿದ್ದ ಮೂವರು ಗೆಳೆಯರು, ಬೇರೆ ಬೇರೆ ಊರುಗಳಿಗೆ ಹೋದ ಮೇಲೂ ತಮ್ಮ ಆಟ ನಿಲ್ಲಬಾರದೆಂದು ಅದನ್ನು ರಚಿಸಿದರು. ಅದು ಬ್ರೌಸರ್‌ನಲ್ಲಿಯೇ ನಡೆಯುತ್ತದೆ, ಸ್ಥಾಪಿಸುವ ಅಗತ್ಯವಿಲ್ಲ. ಉಚಿತ ಖಾತೆಯಿಂದ ಆಟ ನಡೆಸಬಹುದು. ಹೆಚ್ಚಿನ ಸಂಗ್ರಹಸ್ಥಳವೇ ಮೊದಲಾದ ಸೌಲಭ್ಯಗಳಿಗೆ ಚಂದಾ ಕೊಡಬೇಕು.

ಫೌಂಡ್ರಿ ವರ್ಚುವಲ್ ಟೇಬಲ್‌ಟಾಪ್ 2020ರಲ್ಲಿ ಬಿಡುಗಡೆಯಾಯಿತು. ಇದಕ್ಕೆ ಚಂದಾ ಇಲ್ಲ. ಸುಮಾರು 50 ಡಾಲರ್ ಒಮ್ಮೆ ಕೊಟ್ಟು ಪರವಾನಗಿ ಪಡೆಯಬೇಕು. ಪರವಾನಗಿ ಸೂತ್ರಧಾರನಿಗೆ ಮಾತ್ರ ಬೇಕು. ಆಟಗಾರರು ಬ್ರೌಸರ್ ಮೂಲಕ ಉಚಿತವಾಗಿ ಸೇರುತ್ತಾರೆ. ಆದರೆ ತಂತ್ರಾಂಶವು ಸೂತ್ರಧಾರನ ಗಣಕಯಂತ್ರದಲ್ಲಾಗಲಿ ಬಾಡಿಗೆಯ ಸರ್ವರ್‌ನಲ್ಲಾಗಲಿ ಇರಬೇಕು. ಮೊಬೈಲ್ ಫೋನಿನಲ್ಲಿ ಆಡುವುದಕ್ಕೆ ಇದು ಅಧಿಕೃತವಾಗಿ ರೂಪಿತವಾದುದಲ್ಲ.

2020ರಲ್ಲಿಯೇ ಬಂದ ಔಲ್‌ಬೇರ್ ರೋಡಿಯೋ ಇವೆಲ್ಲಕ್ಕಿಂತ ಸರಳ. ನಕ್ಷೆ, ಟೋಕನ್, ದಾಳ, ಮುಸುಕು, ಇಷ್ಟೇ ಅದರ ಮೂಲ ಸಾಮಗ್ರಿ. ಆಟಗಾರರು ಕೊಂಡಿಯೊಂದನ್ನು ಒತ್ತಿ ಒಳಬರುತ್ತಾರೆ. ಫೋನಿನ ಪರದೆಯಲ್ಲಿಯೂ ಅದನ್ನು ಬಳಸಬಹುದು. ಇನ್ನು ಮ್ಯಾಪ್‌ಟೂಲ್ ಎಂಬುದು ಮುಕ್ತ ಆಕರದ, ಸಂಪೂರ್ಣ ಉಚಿತವಾದ ತಂತ್ರಾಂಶ; ಅದನ್ನು ಕಲಿಯಲು ತಾಳ್ಮೆ ಬೇಕು.

೩. ಆಯ್ಕೆಯ ಕ್ರಮ

ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರಿಗೆ ಯಾವುದು ಸಲ್ಲುವುದೆಂದು ಕೇಳಿಕೊಳ್ಳಬೇಕು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು.

ಒಂದನೆಯದು: ಗುಂಪಿನಲ್ಲಿ ಎಲ್ಲರಿಗಿಂತ ಅಲ್ಪವಾದ ಸಾಧನ ಯಾರದು? ಒಬ್ಬನ ಬಳಿ ಫೋನು ಮಾತ್ರ ಇದ್ದರೆ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ಸರಪಳಿಯ ಬಲವೆಂದರೆ ಅದರ ಸವೆದ ಕೊಂಡಿಯ ಬಲವಷ್ಟೇ.

ಎರಡನೆಯದು: ಯಾವ ನಿಯಮಾವಳಿಯ ಆಟ? ಮಾತಿಗೇ ಪ್ರಾಧಾನ್ಯವಿರುವ ಆಟಕ್ಕೆ ಒಂದು ಚಿತ್ರ, ಒಂದು ದಾಳ ಸಾಕಾದೀತು. ಚೌಕ ಎಣಿಸಿ ಹೋರಾಡುವ ಆಟಕ್ಕೆ ನಕ್ಷೆ, ಅಳತೆ, ಸ್ವಯಂಚಾಲಿತ ಹಾಳೆಗಳು ಉಪಕಾರಿ. ಆರಿಸಿದ ತಂತ್ರಾಂಶದಲ್ಲಿ ಆ ಆಟದ ಹಾಳೆ ಸಿದ್ಧವಾಗಿದೆಯೇ ಎಂದು ಮೊದಲೇ ನೋಡಬೇಕು.

ಮೂರನೆಯದು: ಹಣ ಯಾರು ಕೊಡುವವರು, ಎಷ್ಟು ಕಾಲ? ತಿಂಗಳ ಚಂದಾ ಚಿಕ್ಕದಾಗಿ ಕಂಡರೂ ಮೂರು ವರ್ಷಕ್ಕೆ ಮೂವತ್ತಾರು ಕಂತುಗಳಾಗುತ್ತವೆ. ಒಮ್ಮೆ ಕೊಳ್ಳುವ ಪರವಾನಗಿ ಅಗ್ಗವೆನಿಸಿದರೂ ಸರ್ವರ್ ಬಾಡಿಗೆ ಬೇರೆ ಬಂದೀತು. ಶಾಲೆಗೆ ಇಂಥದನ್ನು ಕೊಡಿಸಬೇಕೆನ್ನುವ ದಾನಿಗಳಲ್ಲಿ ಒಂದು ವಿನಂತಿ: ಮೊದಲು ಉಚಿತವಾದುದರಲ್ಲಿ ಎರಡು ತಿಂಗಳು ಆಟ ನಡೆಯಲಿ, ಅನಂತರ ಕೊರತೆ ಯಾವುದೆಂದು ತಾನೇ ತಿಳಿಯುತ್ತದೆ.

ನಾಲ್ಕನೆಯದು: ನಮ್ಮ ನಕ್ಷೆ, ಬರೆಹಗಳು ನಮ್ಮ ಕೈಯಲ್ಲಿ ಉಳಿಯುತ್ತವೆಯೇ? ಬೇರೆಯವರ ಸರ್ವರ್‌ನಲ್ಲಿ ಇಟ್ಟದ್ದು ಆ ಸೇವೆ ನಿಂತ ದಿನ ಇಲ್ಲವಾಗಬಹುದು. ಆದ್ದರಿಂದ ಯಾವುದನ್ನು ಆರಿಸಿದರೂ ಮೂಲ ಚಿತ್ರ, ಮೂಲ ಬರೆಹಗಳ ಪ್ರತಿಯನ್ನು ಬೇರೆಡೆ ಕಾಪಾಡಿಕೊಳ್ಳತಕ್ಕದ್ದು.

ನಿಯಮಗಳ ಹಕ್ಕಿನ ವಿಷಯವನ್ನೂ ಇಲ್ಲಿ ಸೂಚಿಸಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಮೂಲವನ್ನು ಹೆಸರಿಸಿ ಅದನ್ನು ಯಾರೂ ಬಳಸಬಹುದು, ಅನುವಾದಿಸಲೂಬಹುದು. ಕನ್ನಡದಲ್ಲಿ ಆಡಿಸಬಯಸುವ ಶಿಕ್ಷಕರಿಗೆ ಇದೊಂದು ದೊಡ್ಡ ಅನುಕೂಲ.

೪. ಅಣಿಗೊಳಿಸುವ ಬಗೆ

ನಿದರ್ಶನಕ್ಕಾಗಿ ಫೌಂಡ್ರಿಯನ್ನು ತೆಗೆದುಕೊಳ್ಳೋಣ. ಸ್ವಂತ ಗಣಕಯಂತ್ರದಲ್ಲಿ ನಡೆಸುವುದರಿಂದ ಎಲ್ಲ ಹಂತಗಳೂ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ತಂತ್ರಾಂಶವನ್ನು ಸ್ಥಾಪಿಸಿ ಪರವಾನಗಿಯ ಸಂಕೇತವನ್ನು ನಮೂದಿಸಿದ ಕೂಡಲೆ ಆಡಳಿತಗಾರನ ಗುಪ್ತಪದವನ್ನು ಇಡಬೇಕು. ಅನಂತರ ಆಡಬೇಕಾದ ಆಟದ ನಿಯಮವ್ಯವಸ್ಥೆಯನ್ನು ಇಳಿಸಿಕೊಂಡು ‘ವರ್ಲ್ಡ್’ ಎಂಬ ಹೊಸ ಕಥಾಲೋಕವನ್ನು ರಚಿಸಬೇಕು. ಅದರೊಳಗೆ ಪ್ರತಿ ಆಟಗಾರನಿಗೂ ಪ್ರತ್ಯೇಕ ಹೆಸರು, ಗುಪ್ತಪದಗಳನ್ನು ಕೊಟ್ಟು, ಅವನವನ ಪಾತ್ರದ ಒಡೆತನವನ್ನು ಅವನವನಿಗೇ ವಹಿಸಬೇಕು. ಇದನ್ನು ಮರೆತರೆ ಆಟಗಾರನು ತನ್ನ ಟೋಕನನ್ನು ಸರಿಸಲಾರದೆ ಕುಳಿತಿರಬೇಕಾಗುತ್ತದೆ.

ಮುಂದಿನದು ನಕ್ಷೆ. ಚಿತ್ರದಲ್ಲಿ ಮೊದಲೇ ಚೌಕಗಳಿದ್ದರೆ ತಂತ್ರಾಂಶದ ಚೌಕಗಳು ಅವುಗಳೊಡನೆ ಸರಿಹೊಂದಬೇಕು. ಲೆಕ್ಕ ಸುಲಭ. ಚಿತ್ರದ ಅಗಲ 2100 ಪಿಕ್ಸೆಲ್, ಅಡ್ಡಸಾಲಿನಲ್ಲಿ 30 ಚೌಕಗಳಿದ್ದರೆ ಒಂದು ಚೌಕ 70 ಪಿಕ್ಸೆಲ್. ಅನಂತರ ಗೋಡೆಗಳ ರೇಖೆಯನ್ನೆಳೆದರೆ, ಪಾತ್ರದ ಕಣ್ಣಿಗೆ ಎಷ್ಟು ಕಾಣಬೇಕೋ ಅಷ್ಟನ್ನೇ ತಂತ್ರಾಂಶ ತೋರಿಸುತ್ತದೆ.

ಚಿತ್ರದ ಗಾತ್ರವನ್ನು ಕಡೆಗಣಿಸಬಾರದು. ಮನೆಯ ಗಣಕಯಂತ್ರವೇ ಸರ್ವರ್ ಆದಾಗ ನಕ್ಷೆ ಪ್ರತಿಯೊಬ್ಬನಿಗೂ ಅಲ್ಲಿಂದಲೇ ಹೋಗಬೇಕು. 10 ಮೆಗಾಬೈಟ್ ಚಿತ್ರ ಐವರಿಗೆಂದರೆ 50 ಮೆಗಾಬೈಟ್, ಅರ್ಥಾತ್ 400 ಮೆಗಾಬಿಟ್. ಹೊರಕಳಿಸುವ ವೇಗ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ ಎಲ್ಲರಿಗೂ ತಲುಪಲು 80 ಸೆಕೆಂಡು ಬೇಕು. ಅದೇ ಚಿತ್ರವನ್ನು ವೆಬ್‌ಪಿ ರೂಪಕ್ಕೆ ಮಾರ್ಪಡಿಸಿ 1 ಮೆಗಾಬೈಟಿಗೆ ಇಳಿಸಿದರೆ 8 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ನಿಧಾನದ ಸಂಪರ್ಕವುಳ್ಳವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಹೊರಗಿನವರು ಒಳಬರುವ ದಾರಿ. ಒಂದೇ ವೈಫೈಯಲ್ಲಿ ಇರುವವರಿಗೆ ತೊಡಕಿಲ್ಲ. ಅಂತರ್ಜಾಲದಿಂದ ಬರುವವರಿಗಾಗಿ ಮನೆಯ ರೌಟರ್‌ನಲ್ಲಿ 30000ನೆಯ ಪೋರ್ಟನ್ನು ಈ ಗಣಕಯಂತ್ರದ ಕಡೆಗೆ ತೆರೆಯಬೇಕು. ಆದರೆ ಭಾರತದಲ್ಲಿ ಅನೇಕ ಸಂಪರ್ಕಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಲ್ಲಿ ನಮ್ಮ ರೌಟರ್‌ನ ಬಾಗಿಲು ತೆರೆದರೂ ಬೀದಿಯ ಹೆಬ್ಬಾಗಿಲು ಮುಚ್ಚಿಯೇ ಇರುತ್ತದೆ. ರೌಟರ್‌ನಲ್ಲಿ ಕಾಣುವ ಹೊರವಿಳಾಸಕ್ಕೂ ಅಂತರ್ಜಾಲಕ್ಕೆ ಕಾಣುವ ವಿಳಾಸಕ್ಕೂ ವ್ಯತ್ಯಾಸವಿದ್ದರೆ ಕಾರಣ ಬಹುತೇಕ ಇದೇ ಎಂದು ತಿಳಿಯಬೇಕು. ಆಗ ಸೇವೆ ಒದಗಿಸುವವರಿಂದ ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಪಡೆಯುವುದು, ಇಲ್ಲವೆ ಸರ್ವರ್ ಬಾಡಿಗೆಗೆ ಹಿಡಿಯುವುದು ಪರಿಹಾರ. ಇದಾವುದೂ ಬೇಡವೆನ್ನುವವರಿಗೆ ರೋಲ್20, ಔಲ್‌ಬೇರ್‌ಗಳಂಥ ಸಿದ್ಧ ಸೇವೆಗಳೇ ಲೇಸು.

ಧ್ವನಿಗೆ ಡಿಸ್ಕಾರ್ಡ್, ಜಿತ್ಸಿ ಮೀಟ್‌ನಂಥ ಪ್ರತ್ಯೇಕ ವ್ಯವಸ್ಥೆಯಿರುವುದು ಒಳಿತು. ನಕ್ಷೆ ನಿಂತರೂ ಮಾತು ನಿಲ್ಲದಿದ್ದರೆ ಆಟ ಮುಂದುವರಿಯುತ್ತದೆ. ಮಾತು ನಿಂತರೆ ಎಷ್ಟೇ ಸೊಗಸಾದ ನಕ್ಷೆಯಿದ್ದರೂ ಆಟವಿಲ್ಲ.

೫. ಆಟದ ಮುನ್ನಾದಿನ

ಮೊದಲ ಆಟಕ್ಕೆ ಮುಂಚೆ ಅರ್ಧ ಗಂಟೆಯ ತಾಲೀಮು ಅವಶ್ಯಕ. ಸೂತ್ರಧಾರನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಆಟಗಾರನ ಹೆಸರಿನಿಂದ ಒಳಹೊಕ್ಕು ನೋಡಬೇಕು. ಮುಚ್ಚಿಡಬೇಕಾದ ರಹಸ್ಯ ಬಯಲಾಗಿದ್ದರೆ ಅಲ್ಲಿಯೇ ತಿಳಿಯುತ್ತದೆ. ಬಳಿಕ ಪ್ರತಿಯೊಬ್ಬನೂ ಟೋಕನ್ ಸರಿಸಿ, ದಾಳವೊಂದನ್ನು ಉರುಳಿಸಿ, ಒಂದು ಮಾತಾಡಲಿ. ಈ ಮೂರೂ ಆದರೆ ಮೇಜು ಸಿದ್ಧವಾದಂತೆ. ತಂತ್ರಾಂಶದ ಹೊಸ ಆವೃತ್ತಿ ಬಂತೆಂದು ಆಟದ ದಿನ ಬದಲಿಸಬಾರದು. ಬದಲಿಸುವ ಮುನ್ನ ಎಲ್ಲದರ ಪ್ರತಿ ತೆಗೆದಿರಿಸಬೇಕು.

ವಿದೇಶದಲ್ಲಿ ಇರುವವರಿದ್ದರೆ ವೇಳೆಯ ಕಡೆಗೂ ಗಮನ ಬೇಕು. ಬೇಸಿಗೆಯಲ್ಲಿ ನಮ್ಮ ರಾತ್ರಿ 8 ಗಂಟೆಯೆಂದರೆ ಲಂಡನ್ನಿನಲ್ಲಿ ಮಧ್ಯಾಹ್ನ 3.30, ಅಮೆರಿಕದ ಡಲ್ಲಾಸಿನಲ್ಲಿ ಬೆಳಗಿನ 9.30. ಚಳಿಗಾಲದಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಆ ವಾರ ಯಾರಾದರೊಬ್ಬರು ತಪ್ಪಿಸಿಕೊಳ್ಳುವುದು ವಾಡಿಕೆಯೇ ಆಗಿದೆ.

ಶಾಲೆಯ ಮಕ್ಕಳಿಗಾಗಿ ಇಂಥ ಆಟವನ್ನು ಏರ್ಪಡಿಸುವ ಶಿಕ್ಷಕರು ಇನ್ನೂ ಮೂರು ಎಚ್ಚರಗಳನ್ನು ವಹಿಸಬೇಕು. ಕೋಣೆಯ ಕೊಂಡಿಯನ್ನು ಬಹಿರಂಗವಾಗಿ ಹಂಚಬಾರದು. ಮಕ್ಕಳು ನಿಜವಾದ ಹೆಸರಿನ ಬದಲು ಪಾತ್ರದ ಹೆಸರಿನಿಂದಲೇ ಸೇರಬೇಕು. ಒಬ್ಬ ಶಿಕ್ಷಕರಾದರೂ ಆದ್ಯಂತ ಉಪಸ್ಥಿತರಿರುವುದು ಅಗತ್ಯ.

ನಮ್ಮ ಆ ಆರನೆಯ ಗೆಳೆಯನ ಕಥೆಯನ್ನು ಮುಗಿಸದೆ ಬಿಡುವುದು ಸರಿಯಲ್ಲ. ಮಾರನೆಯ ವರ್ಷ ನಾವು ಸರಳವಾದ ತಂತ್ರಾಂಶಕ್ಕೆ ಬಂದೆವು. ನಕ್ಷೆಗಳನ್ನು ಕಿರಿದುಗೊಳಿಸಿದೆವು, ಪಾತ್ರದ ಹಾಳೆಗಳನ್ನು ಕಾಗದದ ಮೇಲೆ ಬರೆದುಕೊಂಡೆವು. ಕೊಂಡಿಯನ್ನು ಕಳುಹಿಸಿ ಕಾದೆವು. ಹೊಲದಿಂದ ಮರಳಿದವನು ಆ ರಾತ್ರಿ ಫೋನಿನಲ್ಲಿ ನಕ್ಷೆಯನ್ನು ಕಂಡು, “ಇದರಾಗ ನಾ ಎಲ್ಲಿ ನಿಂತೀನಿ?” ಎಂದು ಕೇಳಿದ. ಐವರೂ ಒಟ್ಟಿಗೆ ಬೆರಳು ತೋರಿಸಿದೆವು, ಆತನಿಗೆ ನಮ್ಮ ಬೆರಳು ಕಾಣದೆಂಬುದನ್ನೂ ಮರೆತು.